ಅಡುಗೆಯವನ ಇಂಗ್ಲಿಷ್

“ಅವರಿಗೆ ಎಲ್ಲಾ ಹೇಳಿದ್ರಲ್ಲ?”

ಒಬ್ಬ ಅಡುಗೆಯವನಿಗೆ ಅವನ ಹೆಂಡತಿ ಹೇಳಿದ ಕೊನೆಯ ಮಾತು ಇದು. ಗುರುಗಳು ಕತೆಯನ್ನು ಇಲ್ಲಿಂದಲೇ ಶುರು ಮಾಡಿದರು.

ಕತೆಗೆ ಕಾರಣ ಕೆಂಚಪ್ಪನ ಪ್ರಶ್ನೆ. ಕೆಂಚಪ್ಪ ಪರದೇಶದ ಒಂದು ಊರಲ್ಲಿ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಆ ಊರಿಗೆ ಬಂದು ಸೇರಿದ ಕನ್ನಡದವರಿಗೆ ಗುರುಗಳು ಭಾನುವಾರ ಇಂಗ್ಲಿಷ್ ಹೇಳಿಕೊಡುತ್ತಿದ್ದರು. ದೊಡ್ಡ ಇಂಗ್ಲಿಷ್ ಅಲ್ಲ. ಬಸ್ಸಿನದು, ಅಂಗಡಿಯದು, ಆಸ್ಪತ್ರೆಯದು. ಆ ದಿನ ಪಾಠ ಮುಗಿದು ಉಳಿದವರು ಎದ್ದು ಹೋದ ಮೇಲೆ ಕೆಂಚಪ್ಪ ಕೇಳಿದ:

“ಗುರುಗಳೇ, ನನ್ನ ಹೆಂಡತಿ ತಾನೂ ಇಂಗ್ಲಿಷ್ ಕಲಿಯಬೇಕು ಅಂತ ಹಟ ಹಿಡಿದಿದ್ದಾಳೆ. ಇಷ್ಟು ದಿನ ಇಲ್ಲದ ಹಟ. ಮನೆಯಲ್ಲಿ ಒಬ್ಬನಿಗೆ ಬಂದರೆ ಸಾಲದೇ?”

ಗುರುಗಳು ಹೇಳಿದ ಕತೆ ಇದು.

ಒಬ್ಬ ಅಡುಗೆಯವನಿದ್ದ. ನಮ್ಮ ಕಡೆಯ ಹೋಟೆಲಿನವರೊಬ್ಬರು ಅವನನ್ನು ಒಂದು ಚಳಿ ದೇಶಕ್ಕೆ ಕರೆಸಿಕೊಂಡರು. ಹೆಂಡತಿಯೂ ಜೊತೆಗೆ ಹೋದಳು. ಇಬ್ಬರಿಗೂ ವಯಸ್ಸು ನಲವತ್ತೈದರ ಹತ್ತಿರ. ಮಕ್ಕಳಿರಲಿಲ್ಲ.

ಒಲೆಯ ಮುಂದೆ ಭಾಷೆ ಬೇಕಾಗಲಿಲ್ಲ. ಒಂದು ದಿನ ಸರ್ಕಾರದವರು ಅಡುಗೆಮನೆ ತಪಾಸಣೆಗೆ ಬಂದರು. ಈ ಪಾತ್ರೆ ಯಾವಾಗ ತೊಳೆದದ್ದು ಎಂದು ಕೇಳಿದರು. ಅಡುಗೆಯವನು ನಕ್ಕ. ಇನ್ನೊಂದು ಕೇಳಿದರು. ಅದಕ್ಕೂ ನಕ್ಕ. ಅವರು ಹೋದ ಮೇಲೆ ಯಜಮಾನರು, “ಭಟ್ರೇ, ಹಲ್ಲು ತೋರಿಸಿದ್ದು ಸಾಕು. ನಾಲಿಗೆ ತಿರುಗಿಸೋದು ಕಲೀರಿ” ಎಂದರು.

ಕಲಿತ. ಊರಿನ ಲೈಬ್ರರಿಯಲ್ಲಿ ದೊಡ್ಡವರಿಗೆ ಪಾಠವಿತ್ತು. ರಜೆಯ ದಿನ ಹೋಗಿ ಕೂತ. ಸಾರು ಕುದಿಯುವಾಗ ಗೋಡೆಗೆ ಅಂಟಿಸಿದ ಚೀಟಿ ನೋಡಿ ಬಾಯಿಪಾಠ ಮಾಡಿದ. ನಿನ್ನೆ ಬಂದೆ, ಇಂದು ಬರುತ್ತಿದ್ದೇನೆ, ನಾಳೆ ಬರುತ್ತೇನೆ. ಎರಡು ವರ್ಷಕ್ಕೆ ಅವನ ಮಾತಲ್ಲಿ ತಪ್ಪು ಹುಡುಕಬೇಕಿತ್ತು. ಬಸ್ಸಿನವನ ಜೊತೆ ವಾದ ಮಾಡಿ ಗೆದ್ದ. ಆ ಊರಲ್ಲಿ ನಮ್ಮವರದು ಬೇರೆ ನಾಲ್ಕು ಮನೆ ಇದ್ದವು. ಅವರೂ ಸರ್ಕಾರದ ಕಾಗದ ಹಿಡಿದು ಇವನ ಬಳಿ ಓದಿಸಲು ಬಂದರು. ಅವನಿಗೆ ಅದು ಹಿಡಿಸಿತು.

ಹೆಂಡತಿ ಕೇಳಿದಳು, “ನಾನೂ ಬರ್ಲಾ ಪಾಠಕ್ಕೆ?”

“ನೀನ್ಯಾಕೆ? ನಿನ್ನ ಬಾಯಾಗಿ ನಾನಿದ್ದೀನಲ್ಲ.”

“ಬಾಯಿ ನಿಮ್ದಾದ್ರೆ ಹಲ್ಲುನೋವೂ ನೀವೇ ಇಟ್ಕೊಳ್ಳಿ.”

ಇಬ್ಬರೂ ನಕ್ಕರು. ಅವನು ಆ ಮಾತನ್ನು ಹೋಟೆಲಿನಲ್ಲೂ ಹೇಳಿ ಎಲ್ಲರನ್ನೂ ನಗಿಸಿದ. ಅವಳನ್ನು ಪಾಠಕ್ಕೆ ಮಾತ್ರ ಕರೆದುಕೊಂಡು ಹೋಗಲಿಲ್ಲ.

ಅವಳು ತಾನಾಗಿಯೇ ನಾಲ್ಕು ಮಾತು ಹೆಕ್ಕಿಕೊಂಡಳು. ಒಂದು ದಿನ ಅಂಗಡಿಯಲ್ಲಿ ಕೊತ್ತಂಬರಿ ಸೊಪ್ಪು ಕೇಳಿದಳು. ಅಂಗಡಿಯವನಿಗೆ ತಿಳಿಯಿತು. ಸೊಪ್ಪಿಗೆ ಕೈ ಹಾಕಿದ. ಗಂಡ ತಡೆದ. ವಾಕ್ಯ ಸರಿಯಿಲ್ಲ, ಇನ್ನೊಂದು ಸಲ ಹೇಳು ಎಂದ. ಹೇಳಿದಳು. ಇನ್ನೂ ಸರಿಯಿಲ್ಲ, ಮತ್ತೆ ಹೇಳು ಎಂದ. ಹಿಂದೆ ಆರು ಜನ ಕಾಯುತ್ತ ನಿಂತಿದ್ದರು. ಮೂರನೆಯ ಸಲ ಅವಳ ಬಾಯಿಂದ ಏನೂ ಬರಲಿಲ್ಲ. ಅಂದಿನಿಂದ ಅವಳು ಅಂಗಡಿಯಲ್ಲಿ ಬೆರಳು ತೋರಿಸಿದಳು.

ಹೀಗೆ ಆರು ವರ್ಷ ಹೋಯಿತು.

ಅವಳಿಗೆ ಮುಟ್ಟು ನಿಂತು ನಾಲ್ಕು ವರ್ಷವಾಗಿತ್ತು. ಮತ್ತೆ ರಕ್ತ ಕಾಣಿಸಿತು. ನಮ್ಮಲ್ಲಿ ಇಂಥದ್ದನ್ನು ಹೆಂಗಸು ಹೆಂಗಸಿಗೆ ಹೇಳುತ್ತಾಳೆ. ತಾಯಿಗೆ, ಅಕ್ಕನಿಗೆ, ಅತ್ತಿಗೆಗೆ. ಅವಳ ತಾಯಿಯೂ ಇರಲಿಲ್ಲ, ಅಕ್ಕನೂ ಇರಲಿಲ್ಲ. ಆ ನಾಲ್ಕು ಮನೆಯ ಹೆಂಗಸರು ಅವಳಿಗಿಂತ ಚಿಕ್ಕವರು. ಒಂದು ತಿಂಗಳು ಸುಮ್ಮನಿದ್ದಳು. ಆಮೇಲೆ ಗಂಡನಿಗೇ ಹೇಳಿದಳು. ಬೀನ್ಸ್ ಹೆಚ್ಚುತ್ತ, ಗೋಡೆಯ ಕಡೆ ಮುಖ ಮಾಡಿ ಹೇಳಿದಳು.

ಅವನು ಆಸ್ಪತ್ರೆಗೆ ಕರೆದುಕೊಂಡು ಹೋದ. ಡಾಕ್ಟರು ಗಂಡಸು, ಇನ್ನೂ ಎಳೆಯ ವಯಸ್ಸು. ಏನು ತೊಂದರೆ ಎಂದು ಕೇಳಿದ. ಅವಳು ನೆಲ ನೋಡುತ್ತ ಕನ್ನಡದಲ್ಲಿ ಹೇಳಿದಳು. ಯಾವತ್ತಿನಿಂದ, ಎಷ್ಟು, ಎಂಥ ಬಣ್ಣ, ನೋವು ಎಲ್ಲಿಂದ ಎಲ್ಲಿಗೆ. ಒಂದನ್ನೂ ಬಿಡಲಿಲ್ಲ. ಮುಗಿಸಿ ಗಂಡನ ಮುಖ ನೋಡಿದಳು.

ಆ ಮಾತುಗಳು ಗಂಡನಿಗೆ ಇಂಗ್ಲಿಷಿನಲ್ಲಿ ಗೊತ್ತಿರಲಿಲ್ಲವೇ? ರಕ್ತ ಗೊತ್ತಿತ್ತು. ತಿಂಗಳು ಗೊತ್ತಿತ್ತು. ಹೆಂಡತಿಯ ಮೈಯ ಸಂಗತಿಯನ್ನು ಇನ್ನೊಬ್ಬ ಗಂಡಸಿನ ಮುಂದೆ ಹೇಗೆ ಹೇಳುವುದು ಎಂಬುದು ಗೊತ್ತಿರಲಿಲ್ಲ. ಅದು ಅವನಿಗೆ ಕನ್ನಡದಲ್ಲೂ ಗೊತ್ತಿರಲಿಲ್ಲ.

“ಹೊಟ್ಟೆನೋವು. ಸುಸ್ತು” ಎಂದ.

“ಅವರು ತುಂಬ ಹೊತ್ತು ಮಾತಾಡಿದರಲ್ಲ?” ಎಂದ ಡಾಕ್ಟರು.

“ಹಳ್ಳಿಯವಳು. ಹೇಳಿದ್ದನ್ನೇ ಹೇಳುತ್ತಾಳೆ.”

ಡಾಕ್ಟರಿಗೆ ಸಮಾಧಾನವಾಗಲಿಲ್ಲ. ನಿಮ್ಮ ಭಾಷೆ ಬಲ್ಲ ಹೆಂಗಸೊಬ್ಬರು ಫೋನಿನಲ್ಲಿ ಸಿಗುತ್ತಾರೆ, ಇವರು ಅವರಿಗೆ ಹೇಳಲಿ, ಅವರು ನನಗೆ ಹೇಳುತ್ತಾರೆ ಎಂದ. ಅಡುಗೆಯವನು ಯೋಚಿಸಿದ. ಕನ್ನಡ ಬಲ್ಲ ಹೆಂಗಸು ಎಂದರೆ ಯಾರು? ಆ ನಾಲ್ಕು ಮನೆಯವರಿಗೆ ಬೇಕಾದವಳೇ ಇರಬೇಕು. ನಾಳೆ ಈ ಮಾತು ನಾಲ್ಕು ಅಡುಗೆಮನೆಯಲ್ಲಿ ಬೇಯುತ್ತದೆ. ತನ್ನ ಬಳಿ ಕಾಗದ ಓದಿಸಲು ಬರುವ ಗಂಡಸರು ತನ್ನ ಮುಖ ಹೇಗೆ ನೋಡುತ್ತಾರೆ?

“ಬೇಡ. ನನಗೇ ಇಂಗ್ಲಿಷ್ ಬರುತ್ತದೆ” ಎಂದ.

ಡಾಕ್ಟರು ಅವಳ ಹೊಟ್ಟೆ ಒತ್ತಿ ನೋಡಿ ಮಾತ್ರೆ ಬರೆದ. ಹೊರಡುವಾಗ, ನಿಮ್ಮ ಇಂಗ್ಲಿಷ್ ಚೆನ್ನಾಗಿದೆ ಎಂದ. ಅಡುಗೆಯವನಿಗೆ ಖುಷಿಯಾಯಿತು.

ಬಸ್ಸಿನಲ್ಲಿ ಹೆಂಡತಿ ಕೇಳಿದಳು, “ಅದಕ್ಕೆ ಡಾಕ್ಟ್ರು ಏನಂದ್ರು?”

“ವಯಸ್ಸಿಂದಂತೆ. ತಾನಾಗೇ ಹೋಗುತ್ತಂತೆ.”

ಡಾಕ್ಟರು ಹಾಗೆ ಅಂದಿರಲಿಲ್ಲ. ಈ ಕಡೆ ಇದ್ದದ್ದು ಆ ಕಡೆ ಹೋಗಲಿಲ್ಲ. ಆ ಕಡೆ ಇಲ್ಲದ್ದು ಈ ಕಡೆ ಬಂತು. ನಡುವೆ ಅವನೊಬ್ಬನೇ.

ಮೂರು ಸಲ ಹೋದರು. ಮೂರನೆಯ ಸಲ ಒಳಗೆ ಹೋಗುವ ಮುಂಚೆ ಅವಳು ಅವನ ತೋಳು ಹಿಡಿದು, “ಇವತ್ತು ಬಿಡಿಸಿ ಹೇಳಿ, ಏನೂಂದ್ರೆ. ನನಗೆ ನಿಲ್ಲೋಕಾಗ್ತಿಲ್ಲ” ಎಂದಳು. ಹೇಳುತ್ತೇನೆ ಎಂದ. ಒಳಗೆ ಹೋಗಿ ಹೊಟ್ಟೆನೋವು ಜಾಸ್ತಿಯಾಗಿದೆ ಎಂದ. ಜಾಸ್ತಿ ಮಾತ್ರೆ ಕೊಟ್ಟರು.

ರಕ್ತ ಶುರುವಾದ ಎಂಟನೆಯ ತಿಂಗಳು ಅವಳು ಬಚ್ಚಲಲ್ಲಿ ಬಿದ್ದಳು. ದೊಡ್ಡ ಆಸ್ಪತ್ರೆಗೆ ಸೇರಿಸಿದರು. ಅಲ್ಲಿ ಹೆಂಗಸು ಡಾಕ್ಟರು ಯಾರನ್ನೂ ಏನೂ ಕೇಳದೆ ಪರೀಕ್ಷೆ ಮಾಡಿದಳು. ಹೊರಗೆ ಬಂದು, ಎಷ್ಟು ದಿನದಿಂದ ರಕ್ತ ಹೋಗುತ್ತಿದೆ ಎಂದು ಕೇಳಿದಳು. ಎಂಟು ತಿಂಗಳಿಂದ ಎಂದ. ತಪ್ಪಿಲ್ಲದೆ ಹೇಳಿದ. ಅವಳು ಕೈಯಲ್ಲಿದ್ದ ಕಾಗದ ತಿರುವಿ ನೋಡಿ, ಇಲ್ಲಿ ಯಾರೂ ಬರೆದಿಲ್ಲವಲ್ಲ ಎಂದಳು.

ಗರ್ಭಕೋಶದಲ್ಲಿ ಹುಟ್ಟಿದ ಹುಣ್ಣು ಎಲ್ಲ ಕಡೆ ಹರಡಿತ್ತು. ಮೊದಲೇ ಬಂದಿದ್ದರೆ ತೆಗೆಯಬಹುದಿತ್ತು ಎಂದರು. ಇಲ್ಲಿಯೂ ಫೋನಿನ ಹೆಂಗಸನ್ನು ಕರೆಯಲೇ ಎಂದು ಕೇಳಿದರು. ಈಗಲೂ ಬೇಡ ಎಂದ. ಆಗ ಊರಿನವರಿಗೆ ಹೆದರಿದ್ದ. ಈಗ ಅವಳಿಗೇ ಹೆದರಿದ. ಕೊನೆಯವರೆಗೂ ಅವಳಿಗೆ ಅವನ ಬಾಯಿ ಬಿಟ್ಟರೆ ಬೇರೆ ಬಾಯಿ ಸಿಗಲಿಲ್ಲ.

ಇಪ್ಪತ್ತು ದಿನ ಇದ್ದಳು. ಮದ್ದಿನ ಮಂಪರಲ್ಲೇ ಹೆಚ್ಚು ಹೊತ್ತು. ಕೊನೆಯ ದಿನ ಮಧ್ಯಾಹ್ನ ಕಣ್ಣು ಬಿಟ್ಟು, ಮೊದಲೇ ಹೇಳಿದೆನಲ್ಲ, ಆ ಮಾತು ಕೇಳಿದಳು. ಅವಳಿಗೆ ಸಂಶಯವಿರಲಿಲ್ಲ. ಗಂಡ ಹೇಳಿಯೇ ಇರುತ್ತಾನೆ, ವೈದ್ಯರ ಕೈಯಲ್ಲೇ ಆಗಲಿಲ್ಲ ಎಂದು ಮನಸ್ಸು ಗಟ್ಟಿ ಮಾಡಿಕೊಳ್ಳಲು ಕೇಳಿದಳು. ಅವನು “ಹೂಂ” ಎಂದ. ಅವಳು ತಲೆಯಾಡಿಸಿದಳು. ಸಂಜೆಯೊಳಗೆ ಹೋದಳು.

ಹೆಣ ಕೊಡಲು ನಾಲ್ಕು ದಿನ ಬೇಕು ಎಂದರು. ಆ ದೇಶದಲ್ಲಿ ಹಾಗೆ.

ಮರುದಿನ ಬೆಳಿಗ್ಗೆ ಅವನು ತಣ್ಣೀರು ಹೊಯ್ದುಕೊಂಡ. ನಮ್ಮವರ ಆ ನಾಲ್ಕು ಮನೆಗೆ ಹೋದ. ಸೂತಕದವನು ಇನ್ನೊಬ್ಬರ ಹೊಸಿಲು ತುಳಿಯಬಾರದು. ಮೆಟ್ಟಿಲ ಕೆಳಗೆ ಹಿಮದಲ್ಲಿ ನಿಂತು ಕೂಗಿದ.

ಮೊದಲ ಮನೆಯ ಗಂಡಸು ಬಾಗಿಲಿಗೆ ಬಂದ. ಅಡುಗೆಯವನು ಹೇಳಿದ: “ನನ್ನ ಹೆಂಡತಿಗೆ ಎಂಟು ತಿಂಗಳು ರಕ್ತ ಹೋಯಿತು. ಅವಳು ಹೇಳಿದಳು. ನಾನು ಡಾಕ್ಟರಿಗೆ ಹೇಳಲಿಲ್ಲ. ನಿನ್ನೆ ಸತ್ತಳು.”

“ಛೆ ಛೆ, ಬೆಳಬೆಳಿಗ್ಗೆ ಎಂಥ ಮಾತು ಭಟ್ರೇ ಇದು? ಒಳಗೆ ಹೆಂಗಸರಿದ್ದಾರೆ.”

“ಅವರಿಗೆ ಹೇಳೋಕೇ ಬಂದೆ.”

ಎರಡನೆಯ ಮನೆಯವರು ಬಾಗಿಲು ತೆಗೆಯಲಿಲ್ಲ. ಮುಚ್ಚಿದ ಬಾಗಿಲಿಗೇ ಹೇಳಿದ. ಮೂರನೆಯ ಮನೆಯವನು ಕೆಳಗಿಳಿದು ಬಂದು, ದುಃಖಕ್ಕೆ ತಲೆ ಕೆಟ್ಟಿದೆ, ನಡೀರಿ ಮನೆಗೆ ಬಿಡ್ತೀನಿ ಎಂದು ಕೈ ಹಿಡಿದ. ಕೈ ಬಿಡಿಸಿಕೊಂಡು ಅಲ್ಲಿಯೂ ಗಟ್ಟಿಯಾಗಿ ಹೇಳಿದ. ನಾಲ್ಕನೆಯ ಮನೆಯವನು ಬಾಗಿಲ ತುಂಬ ನಿಂತು ಕೇಳಿಸಿಕೊಂಡ. ಅವನ ಬೆನ್ನ ಹಿಂದಿನಿಂದ ಹೆಂಡತಿಯ ದನಿ ಬಂತು.

“ಶುರುವಾಗಿ ಎಷ್ಟು ದಿನಕ್ಕೆ ತೋರಿಸ್ಬೇಕಿತ್ತು ಭಟ್ರೇ?”

“ಮೊದಲ್ನೇ ದಿನ, ತಾಯಿ.”

ಗಂಡ ತಿರುಗಿ ಅವಳನ್ನು ನೋಡಿದ. ಅವಳು ಬೂಟು ಮೆಟ್ಟಿಕೊಳ್ಳುತ್ತಿದ್ದಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಕೆಂಚಪ್ಪ, “ಆ ನಾಲ್ಕನೆಯ ಮನೆಯ ತಾಯಿಗೆ ಏನಾಗಿತ್ತು ಗುರುಗಳೇ?” ಎಂದ.

“ನಿನ್ನ ಹೆಂಡತಿ ಇಷ್ಟು ದಿನ ಇಲ್ಲದ ಹಟ ಈಗ ಯಾಕೆ ಹಿಡಿದಳು ಅಂತ ಕೇಳಿದೆಯಾ, ಕೆಂಚಪ್ಪ?”

ಕೆಂಚಪ್ಪ ಎದ್ದು ಮನೆಯ ಕಡೆ ಹೊರಟ.