ಬಾಟಲಿ ಮುಚ್ಚಳದ ನಿಲುವಂಗಿ

ಅಕ್ಟೋಬರ್ ಎರಡನೇ ತಾರೀಖು. ನೆತ್ತಿ ಸುಡುವ ಬಿಸಿಲು. ಪುರಸಭೆಯ ಸ್ವಚ್ಛತಾ ಮೆರವಣಿಗೆಗೆ ಟೈಲರ್ ಹುಲಿಗೆವ್ವ ತಾನೇ ಹೊಲಿದ ನಿಲುವಂಗಿ ತೊಟ್ಟು ಬಂದಳು. ಎಲ್ಲವೂ ಕಸದಲ್ಲಿ ಆಯ್ದದ್ದು. ಎದೆಗೆ ಬಾಟಲಿ ಮುಚ್ಚಳ, ಅಂಚಿಗೆ ಚಿಪ್ಸ್ ಪೊಟ್ಟಣದ ಜರಿ, ಬೆನ್ನಿಗೆ ಹಳೆಯ ಸಿ.ಡಿ.ಗಳ ನವಿಲುಗರಿ. ಊರೇ ಬಾಯಿ ಬಿಟ್ಟು ನೋಡಿತು.

ಅದನ್ನು ತೊಟ್ಟು, ಮೆರವಣಿಗೆಗೆ ಬಂದಿದ್ದ ಮಂತ್ರಿಗಳ ಪಕ್ಕ ನಿಲ್ಲಬೇಕೆಂದು ಪುರಸಭೆ ಅಧ್ಯಕ್ಷ ವಿರುಪಣ್ಣನಿಗೆ ಆಸೆಯಾಯಿತು. ಮೈಕಿನಲ್ಲೇ ಗದರಿದ:

“ಬಿಚ್ಚಿ ಕೊಡವ್ವ. ಈ ಊರಿನ ಕಸ ಎಲ್ಲಾ ಪುರಸಭೆ ಆಸ್ತಿ.”

ಇಡೀ ಮಳೆಗಾಲ ಕೂತು ಹೊಲಿದದ್ದು. ಆದರೂ ಹುಲಿಗೆವ್ವ ದನಿ ಏರಿಸಲಿಲ್ಲ.

“ಎಲ್ಲಾ ಕಸಾನೂ ನಿಮ್ಮದ ಏನ್ರಿ, ಸಾಹೇಬ್ರ?”

“ಎಲ್ಲಾ!”

“ಹಂಗಾದ್ರ ನಮ್ಮ ಓಣಿ ಬಾಯಾಗ ನಾರೋ ತಿಪ್ಪಿನೂ ನಿಮ್ಮದ. ಎಷ್ಟು ಸಲ ಕೇಳಿದ್ರೂ ‘ನಮಗ ಸಂಬಂಧ ಇಲ್ಲ’ ಅಂದ್ರಿ. ನನ್ನ ಮಗಳು ಜ್ವರ ಬಂದು ಹಾಸಿಗಿ ಹಿಡಿದಾಳ. ಮೊದಲು ಆ ಆಸ್ತಿ ಒಯ್ಯಿರಿ. ಆಮ್ಯಾಲೆ ಇದನ್ನ ಬಿಚ್ಚತೀನಿ.”

“ನಮ್ಮ ಓಣಿದೂ ಒಯ್ಯಿರಿ!” ಎಂದು ಜನ ಕೂಗಿದರು. ಮಂತ್ರಿಗಳು ತಿರುಗಿ ಅಧ್ಯಕ್ಷನನ್ನೇ ನೋಡಿದರು.

ವಿರುಪಣ್ಣ ಬೆವೆತುಹೋದ. “ಅಂಗಿ ನೀನೇ ಇಟ್ಕೋ, ತಾಯಿ.”

“ಇಟ್ಕೋತೀನ್ರಿ. ಕಸ ಮಾತ್ರ ನಿಮ್ಮದ. ಮೈಕಿನಾಗ ಹೇಳೀರಿ.”

ಸಂಜೆಯೊಳಗೆ ಓಣಿಗೆ ಟ್ರ್ಯಾಕ್ಟರ್ ಬಂತು. ರಜೆಯ ದಿನ, ಪುರಸಭೆಯ ಗಾಡಿ ಸಿಗಲಿಲ್ಲ. ಬಾಡಿಗೆಯನ್ನು ವಿರುಪಣ್ಣ ತನ್ನ ಜೇಬಿನಿಂದಲೇ ಕೊಟ್ಟ.