ಚಿನ್ನದ ಹೊಲ, ಕಸದ ಅರಿಶಿನ

ಅಣ್ಣ ತೀರಿಕೊಂಡ ಮೇಲೆ ಮನೆಯಲ್ಲಿ ಪುಟ್ಟಮಾದ ಒಬ್ಬನೇ ಉಳಿದ. ಅಣ್ಣನ ಅರಿಶಿನದ ಹೊಲ ಅವನ ಪಾಲಿಗೆ ಬಂತು. ಹೊಲದ ಹಿಂದೆಯೇ ಅಮಲ್ದಾರರೂ ಬಂದರು.

"ಸತ್ತವರ ಆಸ್ತಿಗೆ ತೆರಿಗೆ ಕಟ್ಟಬೇಕು ಕಣಯ್ಯಾ. ಇದು ಚಿನ್ನದಂಥ ಭೂಮಿ. ಇಂಥ ಅರಿಶಿನ ಸೀಮೆಯಲ್ಲೇ ಇಲ್ಲ. ತೆರಿಗೆಯೂ ಹಾಗೇ ಇರುತ್ತೆ."

"ಕಟ್ತೀನಿ ಬುದ್ಧೀ. ಇಷ್ಟೊಂದು ಯಾಕೆ ಅಂತ ಜನ ಕೇಳ್ತಾರೆ. ತಾವು ಹೇಳಿದ್ದನ್ನೇ ಸಂತೇಲಿ ಡಂಗುರ ಹೊಡೆಸಿಬಿಡಿ."

ಅಮಲ್ದಾರರು ಹಿಗ್ಗಿ ಡಂಗುರ ಹೊಡೆಸಿದರು. ಪುಟ್ಟಮಾದ ತೆರಿಗೆ ಕಟ್ಟಿದ.

ಸುಗ್ಗಿ ಬಂತು. ಅರಿಶಿನ ಬೇಯಿಸಿದ ಕೊಪ್ಪರಿಗೆ ಇಳಿಸಲು ಆಚೆ ಬದಿ ಹಿಡಿಯುವವರಿಲ್ಲದೆ, ಅವನು ಒಬ್ಬನೇ ಕೊಂಬುಗಳನ್ನು ಅದರೊಳಗಿಂದ ತೋಡಿ ತೋಡಿ ತೆಗೆದು ಒಣಗಿಸಿದ. ಸಂತೆಯಲ್ಲಿ ಸರ್ಕಾರಿ ಉಗ್ರಾಣಕ್ಕೆ ಕೊಳ್ಳಲು ಬಂದವರು ಅದೇ ಅಮಲ್ದಾರರು. ಕೊಂಬು ಮುರಿದು ಮೂಸಿ ಮುಖ ಸಿಂಡರಿಸಿದರು.

"ಥೂ, ಕಸ. ಅರ್ಧ ಬೆಲೆಗೆ ಕೊಡು."

ಪುಟ್ಟಮಾದ ಕೈಮುಗಿದು, ಅಂದು ಡಂಗುರ ಹೊಡೆದಿದ್ದ ತಮಟೆಯವನನ್ನು ಕೂಗಿದ. "ಬಾರಪ್ಪಾ, ಇದನ್ನೂ ಸಾರು. ಅಮಲ್ದಾರರು ಚಿನ್ನ ಅಂದ ಹೊಲದಲ್ಲಿ ಕಸ ಬೆಳೆದಿದೆಯಂತೆ. ತೆರಿಗೆ ವಾಪಸ್ ಕೊಡ್ತಾರಂತೆ!"

ಸಂತೆಗೆ ಸಂತೆಯೇ ನಕ್ಕಿತು. ಅಮಲ್ದಾರರು ಓಡಿಬಂದು ತಮಟೆಯನ್ನು ಅಂಗೈಯಲ್ಲಿ ಅದುಮಿ ಹಿಡಿದರು. ಆಮೇಲೆ ಪೂರ್ತಿ ಬೆಲೆ ಕೊಟ್ಟರು.

ಹೊರಡುವಾಗ ಹಲ್ಲು ಕಡಿಯುತ್ತಾ ಕೇಳಿದರು, "ಈ ಉಪಾಯ ಹೇಳಿಕೊಟ್ಟವರು ಯಾರಯ್ಯಾ? ಮನೆಯಲ್ಲಿ ಯಾರಿದ್ದಾರೆ?"

ಪುಟ್ಟಮಾದ ಖಾಲಿ ಚೀಲ ಮಡಿಸುತ್ತಿದ್ದ.

"ಯಾರಾದರೂ ಇದ್ದಿದ್ದರೆ ನನಗೆ ಆ ಸತ್ತವರ ತೆರಿಗೆ ಯಾಕೆ ಬರ್ತಿತ್ತು, ಬುದ್ಧೀ?"