ಕಾರಂಜಿ ಯಾರಿಗೆ ತಲೆಬಾಗಿತು

"ಎರೆಕೋಟೆಯ ಮಂದಿಯೆಲ್ಲ ಕೇಳಿರಿ! ರಾಜಕುಮಾರಿ ತಿಲಕಾವತಿಯ ಮೂರು ಒಗಟು ಬಿಡಿಸಿದವನಿಗೆ ಆಕೆಯ ಕೈ, ಮೇಲೆ ಅವನು ಬೇಡಿದ್ದೊಂದು. ಉತ್ತರ ತಪ್ಪಿದವನಿಗೆ ಹುಣ್ಣಿಮೆಯ ದಿನ ತಲೆದಂಡ!"

ಡಂಗುರದವನು ಪಡುವಣ ಬಾಗಿಲಿಗೆ ಬಂದಾಗ ಹುಲಿಗ ಎತ್ತಿನ ಬೆನ್ನ ಮೇಲಿನ ಪಖಾಲಿಗೆ ನೀರು ತುಂಬುತ್ತಿದ್ದ. ಆ ತೊಗಲಿನ ಚೀಲದಲ್ಲಿ ಮನೆಮನೆಗೆ ನೀರು ಹಾಕಿ ಬದುಕುವವನು ಅವನು. ಡಂಗುರದ ಮಾತಿನಲ್ಲಿ ಅವನ ಕಿವಿಗೆ ನಾಟಿದ್ದು ರಾಜಕುಮಾರಿಯ ಹೆಸರಲ್ಲ, 'ಬೇಡಿದ್ದೊಂದು' ಎಂಬ ಮಾತು.

ಎರೆಕೋಟೆಗೆ ನೀರು ಬರುತ್ತಿದ್ದುದು ಗುಡ್ಡದ ಮೇಲಿನ ಕೆರೆಯಿಂದ. ನೆಲದೊಳಗೆ ಹೂತ ಸುಟ್ಟಮಣ್ಣಿನ ಕೊಳವೆಗಳಲ್ಲಿ ಅದು ಇಳಿದು, ಊರಿನ ಮನೆಗಳ ತೊಟ್ಟಿಗೂ ಅರಮನೆಯ ಕಾರಂಜಿಗೂ ಹಂಚಿಹೋಗುತ್ತಿತ್ತು. ಮೂರು ವರ್ಷದಿಂದ ಅದರ ಬಲ ಕುಂದುತ್ತ ಬಂದಿತ್ತು. ಕೊಳವೆ ಹೂತಿದ್ದ ಮುದುಕ ದಸ್ತಗೀರನೇ ನೀರನ್ನು ಬೇರೆಡೆಗೆ ತಿರುಗಿಸಿದ್ದಾನೆಂದು ಅರಸ ಮಾರ್ತಾಂಡ ಅವನನ್ನು ಸೆರೆಗೆ ಹಾಕಿದ್ದ. ಅವನ ತಲೆದಂಡಕ್ಕೂ ಅದೇ ಹುಣ್ಣಿಮೆ ನಿಗದಿಯಾಗಿತ್ತು. ತಬ್ಬಲಿ ಹುಲಿಗನನ್ನು ಸಾಕಿದ್ದು ಆ ಅಜ್ಜ.

ಹುಲಿಗ ಎತ್ತನ್ನು ಬೇವಿನ ಮರಕ್ಕೆ ಕಟ್ಟಿ, ಒದ್ದೆ ಪಂಚೆಯಲ್ಲೇ ಅರಮನೆಗೆ ನಡೆದ.

ತಿಲಕಾವತಿ ಕಾರಂಜಿಯ ಕಟ್ಟೆಯ ಮೇಲೆ ಕೂತಿದ್ದಳು. ವರ್ಷವಿಡೀ ಆ ನೀರನ್ನೇ ನೋಡಿ ನೋಡಿ ಅವಳ ಕಣ್ಣಿಗೆ ಎಚ್ಚರಕ್ಕೂ ಕನಸಿಗೂ ನಡುವಿನ ಮಂಪರು ಹತ್ತಿತ್ತು. ಒಗಟುಗಳೂ ಆ ಮಂಪರಿನಲ್ಲೇ ಹೊಳೆದವು. ಗೇಣುದ್ದದ ನೀರು ಅವಳ ಬೆನ್ನ ಹಿಂದೆ ಏಳುವುದೋ ಬೇಡವೋ ಎಂಬಂತೆ ತೂಗುತ್ತಿತ್ತು.

"ಬೇಸಿಗೆಯಲ್ಲಿ ನನ್ನ ಕಾರಂಜಿ ಕೋಳಿ ಕೂಗುವ ಹೊತ್ತಿಗೆ ತಲೆಬಾಗುತ್ತದೆ, ಮಟಮಟ ಮಧ್ಯಾಹ್ನ ಮತ್ತೆ ಎದ್ದು ನಿಲ್ಲುತ್ತದೆ. ಬೆಳಿಗ್ಗೆ ಅದು ಯಾರಿಗೆ ತಲೆಬಾಗುತ್ತದೆ?" ಎಂದಳು.

ಹುಲಿಗನಿಗಿಂತ ಮುಂದೆ ನಿಂತಿದ್ದ ನೆರೆನಾಡಿನ ಯುವರಾಜ ಮೀಸೆ ತೀಡಿ, "ಸೂರ್ಯದೇವನಿಗೆ" ಎಂದ.

"ಸೂರ್ಯ ಚಳಿಗಾಲದಲ್ಲೂ ಹುಟ್ಟುತ್ತಾನಲ್ಲ? ಆಗೇಕೆ ಇಷ್ಟು ಬಾಗುವುದಿಲ್ಲ?"

ಭಟರು ಯುವರಾಜನನ್ನು ಎಳೆದೊಯ್ದರು. ಆಮೇಲೆ ಬಂದ ಆಸ್ಥಾನಪಂಡಿತ ಮೊದಲನೆಯದನ್ನು ಬಿಡಿಸಿದ. "ಊರಿನ ಬಾಯಾರಿಕೆಗೆ, ತಾಯಿ. ಬೇಸಿಗೆಯ ಬೆಳಿಗ್ಗೆ ಎಲ್ಲ ಮನೆಯವರೂ ಒಟ್ಟಿಗೇ ತೊಟ್ಟಿ ತುಂಬುತ್ತಾರೆ. ನೀರು ನೂರು ಪಾಲಾಗಿ ಬಲ ತಗ್ಗುತ್ತದೆ."

ಸುತ್ತ ನೆರೆದಿದ್ದ ಸಭೆ ತಲೆದೂಗಿತು. ರಾಜಕುಮಾರಿ ಎರಡನೆಯದನ್ನು ಕೇಳಿದಳು: "ಮಳೆಗಾಲದಲ್ಲಿ ಕೆರೆ ಕೋಡಿ ಹರಿಯುತ್ತದೆ, ನನ್ನ ಕಾರಂಜಿ ಆಗಲೇ ಸೊರಗುತ್ತದೆ. ಅದರ ತುತ್ತು ಕಸಿಯುವ ಕೈಗೆ ಬೆರಳಿಲ್ಲ. ಯಾರ ಕೈ ಅದು?"

ಪಂಡಿತ ಎದುರಿಗೆ ಕೂತಿದ್ದ ಅರಸನ ಮುಖ ನೋಡಿದ. "ಸೆರೆಯಲ್ಲಿರುವ ಆ ಕಳ್ಳನದೇ" ಎಂದ.

"ಕಳ್ಳನಿಗೆ ಹತ್ತು ಬೆರಳಿವೆ" ಎಂದಳು ತಿಲಕಾವತಿ. ಪಂಡಿತನನ್ನೂ ಕರೆದೊಯ್ದರು.

ಈಗ ಹುಲಿಗನೊಬ್ಬನೇ. ಅವನು ಕಟ್ಟೆಯ ಮುಂದಕ್ಕೆ ಬಂದ.

"ಮೊದಲನೇದಕ್ಕೆ ಪಂಡಿತರು ಅಂದದ್ದೇ ಖರೆ, ತಾಯಿ. ಎರಡನೇದು, ನಮ್ಮ ಎರೆಮಣ್ಣು. ಬ್ಯಾಸಗೀಲಿ ಅದು ಮೊಣಕೈ ಇಳಿಯೋ ಹಂಗ ಬಿರೀತದ. ಮಳೆ ಬಿತ್ತಂದ್ರ ಹಿಟ್ಟಿನಂಗ ಉಬ್ಬತದ. ಉಬ್ಬಿದ ಮಣ್ಣು ಕೊಳವೀನ ಹೊರಳಿಸಿ ಬೆಸುಗಿ ಬಿಡಿಸ್ತದ. ನೀರು ಅಲ್ಲೇ ಇಂಗತದ. ಮಳಿಗಾಲದಾಗ ನೆಲ ಎಲ್ಲಾ ಕಡೆ ಹಸೀನೇ ಇರತದ, ಸೋರೋದು ಯಾರ ಕಣ್ಣಿಗೆ ಬಿದ್ದೀತು?"

ತಿಲಕಾವತಿ ಕಟ್ಟೆಯಿಂದ ಇಳಿದು ಹತ್ತಿರ ಬಂದಳು. ಇದೀಗ ನಿದ್ದೆಯಿಂದ ಎದ್ದವಳಂತಿದ್ದಳು.

"ಹೊರಗಿನಿಂದ ಹುಟ್ಟಿದಂತೆಯೇ ಇದೆ, ಒಳಗೆ ವರ್ಷ ವರ್ಷ ಮುದುಡುತ್ತದೆ. ದಿನಾ ಉಣ್ಣುವ ಅನ್ನವೇ ಅದರ ಕೊರಳು ಹಿಸುಕುತ್ತದೆ. ಏನದು?"

ಹುಲಿಗನಿಗೆ ಉತ್ತರ ಒಡನೆಯೇ ಹೊಳೆಯಿತು, ಆದರೂ ಬಾಯಿ ತೆರೆಯಲಿಲ್ಲ. 'ಹುಲಿಗಾ, ನಮ್ಮನಿಗೊಂದು ಪಖಾಲಿ ಹಾಕಪ್ಪಾ' ಎಂದು ಓಣಿಯ ಹೆಂಗಸರು ಕರೆಯುವ ದನಿಗಳು ಎಲ್ಲೋ ದೂರದಿಂದ ತೇಲಿಬಂದಂತಾಯಿತು. ಕೊಳವೆ ಸರಿಹೋದರೆ ಅವನನ್ನು ಯಾರು ಕರೆದಾರು? ಎತ್ತಿಗೆ ಮೇವೆಲ್ಲಿಂದ ಬಂದೀತು? ಬಳಿಕ ಅಜ್ಜನ ಬಿರುಕುಬಿಟ್ಟ ಅಂಗೈ ಕಣ್ಣಮುಂದೆ ಬಂತು.

"ಕೊಳವಿ, ತಾಯಿ. ನಮ್ಮ ಕೆರೀ ನೀರಿನಾಗ ಸುಣ್ಣ ಐತಿ. ಬಚ್ಚಲ ಹಂಡೇದಾಗ ಬೆಳ್ಳಗ ಪೊರಿ ಕಟ್ಟತದಲ್ಲ, ಹಂಗ ಕೊಳವೀ ಒಳಗೂ ಕಟ್ಟೇತಿ. ಬೊಗಸಿ ನೀರು ಹಾಯೋ ದಾರೀಲಿ ಈಗ ಬೆರಳು ತೂರಲಿಕ್ಕಿಲ್ಲ."

"ಬರೀ ಮಾತು!" ಎಂದ ಅರಸ. "ಅಗೆದು ತೋರಿಸು."

ಪಡುವಣ ಬಾಗಿಲ ಬಳಿ, ಮಳೆ ನಿಂತು ತಿಂಗಳಾದರೂ ಒಂದೇ ಕಡೆ ಹಸಿರು ಉಳಿದಿದ್ದ ಜಾಗಕ್ಕೆ ಹುಲಿಗ ಎಲ್ಲರನ್ನೂ ಕರೆದೊಯ್ದ. ಒಂದಾಳು ಆಳ ಅಗೆಯುವಷ್ಟರಲ್ಲಿ ನೀರು ಬುಗ್ಗೆಯಾಗಿ ಉಕ್ಕಿತು. ಬೆಸುಗೆ ಬಾಯಿಬಿಟ್ಟಿತ್ತು. ಕೊಳವೆಯ ತುಂಡೊಂದನ್ನು ಎತ್ತಿ ಅರಸನ ಕೈಗಿತ್ತರು. ಅರಸ ಕಿರುಬೆರಳು ತೂರಿಸಿ ನೋಡಿದ, ಹೋಗಲಿಲ್ಲ.

ತುಂಡನ್ನು ಕೆಳಗಿಟ್ಟು ಹುಲಿಗನತ್ತ ತಿರುಗಿದ. "ಬೇಡು" ಎಂದ.

"ದಸ್ತಗೀರಜ್ಜನ್ನ ಬಿಡ್ರಿ, ದೊರೆ. ಒಗಟಿಗೆ ತಪ್ಪು ಹೇಳಿದವರ ತಲೀನೂ ಉಳಸ್ರಿ."

"ಒಂದು ಅಂದಿದ್ದೆ. ಇದು ಎರಡಾಯಿತಲ್ಲ?"

"ಒಂದೇ, ಅಪ್ಪಾಜಿ. ಬೇಡಿದ್ದು ಜೀವ" ಎಂದಳು ತಿಲಕಾವತಿ.

ಸೆರೆಯಿಂದ ಬಂದ ಅಜ್ಜ ಬಿಸಿಲಿಗೆ ಕಣ್ಣು ಕಿರಿದು ಮಾಡಿ ಗುಂಡಿಯೊಳಗೆ ಬಗ್ಗಿ ನೋಡಿದ. "ಎರಡು ವರ್ಷದಿಂದ ಇದನ್ನೇ ಬಡಕೊಂಡೆ" ಎಂದವನು ಮರುದಿನವೇ ಕೊಳವೆ ಸುಡುವ ಆವಿಗೆಗೆ ಬೆಂಕಿ ಹಾಕಿದ. ಹೊಸ ಕೊಳವೆಗಳನ್ನು ಮರಳಿನ ಹಾಸಿನ ಮೇಲೆ ಮಲಗಿಸಿದರು, ಎರೆ ಎಷ್ಟೇ ಉಬ್ಬಿದರೂ ಅವು ಕದಲದ ಹಾಗೆ. ಯುಗಾದಿಯ ಹೊತ್ತಿಗೆ ಕಾರಂಜಿ ಆಳುದ್ದ ಚಿಮ್ಮಿತು. ಓಣಿಯ ತೊಟ್ಟಿಗಳಲ್ಲಿ ನೀರಿನ ಸದ್ದು ಜೋಗುಳದಂತೆ ಹಬ್ಬಿತು.

ಆ ಸದ್ದಿನ ನಡುವೆಯೇ ಮದುವೆಯಾಯಿತು. ಅರಸ ಊರಿನ ನೀರಿನ ಹೊಣೆಯನ್ನೆಲ್ಲ ಅಳಿಯನಿಗೆ ಒಪ್ಪಿಸಿದ. ಋತು ತಿರುಗಿದಾಗಲೆಲ್ಲ ಗಂಡಹೆಂಡಿರು ಕೊಳವೆಯ ಜಾಡು ಹಿಡಿದು ಗುಡ್ಡದವರೆಗೆ ನಡೆಯುತ್ತಿದ್ದರು. ಹುಲಿಗ ಸೋರುವ ಸದ್ದು ಕೇಳಲು ಅಲ್ಲಲ್ಲಿ ನೆಲಕ್ಕೆ ಕಿವಿಯಿಟ್ಟು ಮಲಗುತ್ತಿದ್ದ. ಅವನು ತಲೆಯಾಡಿಸಿದಲ್ಲಿ ತಿಲಕಾವತಿ ಸೀರೆಯ ನೆರಿಗೆ ಎತ್ತಿ ಕಟ್ಟಿ, ಯಾರಿಗೂ ಕಾಯದೆ, ಮೊದಲ ಗುದ್ದಲಿ ತಾನೇ ಹಾಕುತ್ತಿದ್ದಳು.